ಬಫಲೋ ಹುಡುಗಿಯ ಕೈಯಲ್ಲಿ ನಮ್ಮ ಅಡಿಕೆ

ಕಳೆದ ಬೇಸಿಗೆಯ ಕೊನೆಯಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಒಂದು ಸಭಾಂಗಣದಲ್ಲಿ, ಹೈಸ್ಕೂಲು ಓದುವ ಹುಡುಗಿಯೊಬ್ಬಳು ನನಗೆ ಅಡಿಕೆಯ ಪಾಠ ಹೇಳಿದಳು. ಶಿರಸಿ ಸೀಮೆಯ ತೋಟದ ಮನೆಯಲ್ಲಿ ಹುಟ್ಟಿದವನು ನಾನು. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ದಿನಗಳಲ್ಲಿ ಶಾಲೆ ತಪ್ಪಿಸಿ ಉದುರಿದ ಅಡಿಕೆ ಹೆಕ್ಕಿದ್ದೇನೆ. ಸುಲಿಯುವವರ ಮಧ್ಯೆ ಕೂತು ನಡುರಾತ್ರಿಯವರೆಗೆ ಕಥೆ ಕೇಳಿದ್ದೇನೆ. ಅಂಗಳದ ತುಂಬ ಚಾಲಿ ಅಡಿಕೆ ಒಣಗಲು ಹರವಿದಾಗ ಮೋಡ ಕಂಡರೆ ಎದ್ದುಬಿದ್ದು ಓಡಿದ್ದೇನೆ. ಅವಳು ಅಡಿಕೆ ಮರವನ್ನು ಕಣ್ಣಲ್ಲಿ ಕಂಡವಳಲ್ಲ. ಆದರೂ ಆ ಹೊತ್ತಿನಲ್ಲಿ ನಮ್ಮಿಬ್ಬರಲ್ಲಿ ಅಡಿಕೆಯ ವಿಷಯ ಹೆಚ್ಚು ತಿಳಿದಿದ್ದವಳು ಅವಳೇ.

ಬೇಸಿಗೆ ರಜೆಯಲ್ಲಿ ಕ್ಯಾನ್ಸರ್ ಸಂಶೋಧನೆಯ ಕೆಲಸಕ್ಕೆ ಸೇರಿದ್ದ ವಿದ್ಯಾರ್ಥಿಗಳ ಪೋಸ್ಟರ್ ಪ್ರದರ್ಶನ ಅದು. ನಮ್ಮ ಕನ್ನಡ ಕೂಟದ ಗೆಳೆಯನ ಮಗನೂ ಅದರಲ್ಲಿದ್ದ. ಮನೆಯವರು, ಪರಿಚಯದವರು ಬರಬಹುದು ಎಂದಿದ್ದರಿಂದ ನಾವೂ ಹೋಗಿದ್ದೆವು. ಅವನ ಪಕ್ಕದ ಫಲಕದ ಮುಂದೆ ಈ ಹುಡುಗಿ ನಿಂತಿದ್ದಳು. ಫಲಕದ ನಡುವೆ ಒಂದು ಕಿರಾಣಿ ಅಂಗಡಿಯ ಚಿತ್ರ, ಅದರಲ್ಲಿ ತೂಗುಹಾಕಿದ ಪೊಟ್ಟಣಗಳ ಸಾಲು, ಪೊಟ್ಟಣಗಳ ಒಳಗೆ ಅಡಿಕೆ ಹೋಳು. ಬಫಲೋದಲ್ಲಿ ಬರ್ಮಾದಿಂದ ನಿರಾಶ್ರಿತರಾಗಿ ಬಂದವರೂ ಬಾಂಗ್ಲಾದೇಶದವರೂ ಬಹಳ ಮಂದಿ ಇದ್ದಾರೆ. ಅವರ ಅಂಗಡಿಗಳಲ್ಲಿ ಎಲೆ, ಅಡಿಕೆ, ಸುಣ್ಣ ಎಲ್ಲವೂ ಸಿಗುತ್ತದೆ. ಅಂಥ ಅಂಗಡಿಗಳಿಗೆ ಹೋಗಿ ಪೊಟ್ಟಣದ ಮೇಲೆ ಎಚ್ಚರಿಕೆಯ ಮಾತೇನಾದರೂ ಇದೆಯೇ ಎಂದು ನೋಡುವುದು, ಕೊಳ್ಳುವವರನ್ನು ದುಭಾಷಿಯ ನೆರವಿನಿಂದ ಮಾತಾಡಿಸುವುದು, ಇದರಿಂದ ಬಾಯಿಯ ಕ್ಯಾನ್ಸರ್ ಬರಬಹುದೆಂದು ಯಾರಾದರೂ ನಿಮಗೆ ಹೇಳಿದ್ದಾರೆಯೇ ಎಂದು ಕೇಳುವುದು ಅವಳ ಬೇಸಿಗೆಯ ಕೆಲಸವಾಗಿತ್ತು.

ನಾನು ಅಡಿಕೆ ಬೆಳೆಯುವ ಊರಿನವನು ಎಂದಾಗ ಅವಳ ಮುಖ ಅರಳಿತು. "ಹಾಗಾದರೆ ನಿಮ್ಮ ಶಾಲೆಯಲ್ಲಿ ಇದರ ಬಗ್ಗೆ ಏನು ಹೇಳಿಕೊಡುತ್ತಿದ್ದರು?" ಎಂದು ಕೇಳಿದವಳೇ ಬರೆದುಕೊಳ್ಳಲು ಪೆನ್ನು ತೆಗೆದಳು.

ಏನೂ ಹೇಳಿಕೊಟ್ಟಿರಲಿಲ್ಲ. ಅಷ್ಟನ್ನೇ ಹೇಳಿದೆ. ಅವಳು ಅದನ್ನೂ ಬರೆದುಕೊಂಡಳು. ಅವಳಿಗೆ ಅದೊಂದು ಮಾಹಿತಿ. ನನಗೆ ಮಾತ್ರ ಚುರುಕ್ ಎಂದಿತು. ಶಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿ, ಕೊಪ್ಪ, ಪುತ್ತೂರು, ಚನ್ನಗಿರಿ, ಇಷ್ಟು ದೂರದುದ್ದಕ್ಕೂ ಅಡಿಕೆಯಿಂದಲೇ ಮನೆ ಕಟ್ಟಿ, ಮದುವೆ ಮಾಡಿ, ಮಕ್ಕಳನ್ನು ಓದಿಸಿದ ನಾಡು ನಮ್ಮದು. ಆ ಅಡಿಕೆಯ ದುಡ್ಡಿನಲ್ಲಿ ಓದಿ ವಿಮಾನ ಹತ್ತಿದವರು ನಾವೆಲ್ಲ. ಅದರ ಬಗ್ಗೆ ಕೇಳಲೇಬೇಕಾದ ಪ್ರಶ್ನೆಯನ್ನು ಹನ್ನೆರಡು ಸಾವಿರ ಕಿಲೋಮೀಟರಿಗೂ ಆಚೆ, ಚಳಿಗಾಲದಲ್ಲಿ ಮೊಣಕಾಲುದ್ದ ಹಿಮ ಬೀಳುವ ಊರಿನಲ್ಲಿ ಒಂದು ಮಗು ಕೇಳುತ್ತಿದೆ.

ಅಷ್ಟರಲ್ಲಿ ನರೆತ ಕೂದಲಿನ ಒಬ್ಬರು ಬಂದು ನಿಂತರು. ಕೊರಳಲ್ಲಿದ್ದ ಗುರುತಿನ ಚೀಟಿಯಿಂದ ಅವರು ಅಲ್ಲಿಯ ವಿಜ್ಞಾನಿ ಎಂದು ತಿಳಿಯಿತು. ಹುಡುಗಿ ಮೊದಲಿನಿಂದ ಹೇಳಿದಳು. ಅವರು ಒಮ್ಮೆಯೂ ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಯಲ್ಲಿ ಅವಳು, "ನಾನು ಅಂದುಕೊಂಡಷ್ಟು ಜನ ಉತ್ತರಿಸಲಿಲ್ಲ. ಕೆಲವರು ಅಂಗಡಿಯವನ ಎದುರು ಮಾತಾಡಲು ಹಿಂಜರಿದರು. ಆದ್ದರಿಂದ ಇದರಿಂದ ಏನನ್ನೂ ಖಚಿತವಾಗಿ ಹೇಳಲು ಬರುವುದಿಲ್ಲ" ಎಂದಳು. ಬೆವರಲಿಲ್ಲ, ತಡವರಿಸಲಿಲ್ಲ. ಅವರು ತಲೆಯಾಡಿಸಿ, "ಅಂಗಡಿಯಲ್ಲದಿದ್ದರೆ ಇನ್ನೆಲ್ಲಿ ಕೇಳುತ್ತಿದ್ದೆ?" ಎಂದರು. ಅವಳು ಯೋಚಿಸಿ, ಇಂಗ್ಲಿಷ್ ಕಲಿಸುವ ರಾತ್ರಿ ತರಗತಿಗಳಲ್ಲಿ, ಬೌದ್ಧ ವಿಹಾರದಲ್ಲಿ ಎಂದಳು. ಹಾಗೇ ಹತ್ತು ನಿಮಿಷ ಇಬ್ಬರೂ ಮಾತಾಡಿದರು. ಅವರಿಗೆ ಅರುವತ್ತರ ಮೇಲೆ, ಅವಳಿಗೆ ಹದಿನಾರೋ ಹದಿನೇಳೋ.

ನಾನು ಈ ಲೇಖನ ಬರೆಯುತ್ತಿರುವುದು ಆ ಹತ್ತು ನಿಮಿಷಕ್ಕಾಗಿ. ಅಮೆರಿಕದ ಕಟ್ಟಡ, ಯಂತ್ರ, ದುಡ್ಡು ಇವುಗಳ ಹೊಗಳಿಕೆಯನ್ನು ನಮ್ಮವರು ಬೇಕಾದಷ್ಟು ಕೇಳಿದ್ದಾರೆ. ಅವನ್ನು ದುಡ್ಡಿದ್ದರೆ ಕೊಳ್ಳಬಹುದು. "ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ" ಎಂದು ಒಬ್ಬ ವಿದ್ಯಾರ್ಥಿ ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ಹೇಳಬಹುದು, ಅದಕ್ಕೆ ಬೈಗುಳದ ಬದಲು ಇನ್ನೊಂದು ಪ್ರಶ್ನೆ ಸಿಗುತ್ತದೆ ಎಂಬುದಕ್ಕೆ ದುಡ್ಡು ಬೇಕಾಗಿಲ್ಲ. ಅದು ನಮ್ಮಲ್ಲಿ ಯಾಕಿಲ್ಲ?

ಬಫಲೋದ ರಾಸ್‌ವೆಲ್ ಪಾರ್ಕ್ ಕ್ಯಾನ್ಸರ್ ಕೇಂದ್ರದ ಹೆಸರನ್ನು ವೈದ್ಯರು ಕೇಳಿರುತ್ತಾರೆ. ಈ ಮಕ್ಕಳು ಬೇಸಿಗೆ ಕಳೆದದ್ದು ಅಲ್ಲೇ. ರಾಸ್‌ವೆಲ್ ಪಾರ್ಕ್ ಎಂಬ ಶಸ್ತ್ರವೈದ್ಯರು 1898ರಲ್ಲಿ, ಕ್ಯಾನ್ಸರ್ ಒಂದನ್ನೇ ಅಧ್ಯಯನ ಮಾಡಬೇಕೆಂದು ನ್ಯೂಯಾರ್ಕ್ ರಾಜ್ಯ ಸರ್ಕಾರದಿಂದ 10,000 ಡಾಲರ್ ಪಡೆದು ಆರಂಭಿಸಿದ ಪುಟ್ಟ ಪ್ರಯೋಗಾಲಯ ಮುಂದೆ ಇಷ್ಟು ದೊಡ್ಡದಾಯಿತು. ಕ್ಯಾನ್ಸರಿಗೆಂದೇ ಮೀಸಲಾದ ಸಂಸ್ಥೆ ಜಗತ್ತಿನಲ್ಲಿ ಅದೇ ಮೊದಲನೆಯದು ಎನ್ನುತ್ತಾರೆ. ಮುಂದೆ ನೊಬೆಲ್ ಪಡೆದ ಕಾರ್ಲ್ ಮತ್ತು ಗೆರ್ಟಿ ಕೋರಿ ದಂಪತಿ 1922ರಿಂದ 1931ರವರೆಗೆ ಕೆಲಸ ಮಾಡಿದ್ದು ಅಲ್ಲಿ. ನಮ್ಮ ಊರಿನ ಹಿರಿಯರು ಪ್ರಾಸ್ಟೇಟ್ ತೊಂದರೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋದಾಗ ಬರೆದುಕೊಡುತ್ತಾರಲ್ಲ, ಪಿಎಸ್‌ಎ ಎಂಬ ರಕ್ತಪರೀಕ್ಷೆ, ಅದರ ಮೂಲವಾದ ಪ್ರೋಟೀನನ್ನು 1979ರಲ್ಲಿ ಶುದ್ಧೀಕರಿಸಿ ತೋರಿಸಿದ್ದೂ ಅಲ್ಲಿಯ ತಂಡವೇ. ಔಷಧಿ ಕೊಟ್ಟು, ಅದರ ಮೇಲೆ ಬೆಳಕು ಬಿಟ್ಟು ಗಡ್ಡೆಯನ್ನು ನಾಶಮಾಡುವ ಫೋಟೊಡೈನಾಮಿಕ್ ಚಿಕಿತ್ಸೆಯನ್ನು ಥಾಮಸ್ ಡೌಹರ್ಟಿ ಎಪ್ಪತ್ತರ ದಶಕದಲ್ಲಿ ರೂಢಿಗೆ ತಂದದ್ದೂ ಅಲ್ಲೇ. ಇಂಥ ಜಾಗ ಹೈಸ್ಕೂಲು ಮಕ್ಕಳನ್ನು ಬೇಸಿಗೆಯಲ್ಲಿ ಒಳಗೆ ಬಿಟ್ಟುಕೊಳ್ಳುವುದನ್ನು ದಶಕಗಳಿಂದ ನಡೆಸಿಕೊಂಡು ಬಂದಿದೆ.

ಒಳಗೆ ಬಿಟ್ಟುಕೊಳ್ಳುವುದೆಂದರೆ ಸುತ್ತಾಡಿಸಿ ತಿಂಡಿ ಕೊಟ್ಟು ಕಳಿಸುವುದಲ್ಲ. ಮಕ್ಕಳು ಚಳಿಗಾಲದಲ್ಲೇ ಅರ್ಜಿ ಹಾಕುತ್ತಾರೆ. ನಿನಗೆ ಇದು ಯಾಕೆ ಬೇಕು ಎಂದು ಪುಟಗಟ್ಟಲೆ ಬರೆಯಬೇಕು, ಶಿಕ್ಷಕರ ಶಿಫಾರಸು ಪತ್ರ ಬೇಕು. ಆಯ್ಕೆಯಾದವರಿಗೆ ಒಬ್ಬೊಬ್ಬ ವಿಜ್ಞಾನಿಯ ಲ್ಯಾಬ್ ಗೊತ್ತುಮಾಡುತ್ತಾರೆ. ಏಳೆಂಟು ವಾರ ಅದೇ ಲ್ಯಾಬು, ಅದೇ ಪ್ರಶ್ನೆ. ಕೆಲವರದು ಜೀವಕೋಶ ಬೆಳೆಸುವ ಕೆಲಸ, ಕೆಲವರದು ಕಂಪ್ಯೂಟರಿನಲ್ಲಿ ಜೀನುಗಳ ಪಟ್ಟಿ ಜಾಲಾಡುವುದು, ಇನ್ನು ಕೆಲವರದು ಈ ಹುಡುಗಿಯ ಹಾಗೆ ಬೀದಿ ತಿರುಗುವುದು.

ನನ್ನ ಗೆಳೆಯನ ಮಗನದು ಜೀವಕೋಶದ ಕೆಲಸ. ಅವನ ಕಥೆಯನ್ನೂ ಹೇಳಬೇಕು. ಪ್ಲಾಸ್ಟಿಕ್ ತಟ್ಟೆಯ ಗುಳಿಗಳಲ್ಲಿ ಕ್ಯಾನ್ಸರ್ ಕೋಶಗಳನ್ನು ಸಾಕಿ, ಎರಡು ಔಷಧಿಗಳನ್ನು ಬೇರೆಬೇರೆಯಾಗಿಯೂ ಒಟ್ಟಿಗೂ ಹಾಕಿ, ಎಷ್ಟು ಕೋಶ ಉಳಿಯುತ್ತವೆ ಎಂದು ಅಳೆಯುವುದು ಅವನ ಪಾಲಿಗೆ ಬಂದದ್ದು. ಕೋಶಗಳಿಗೆ ಹಾಕುವ ಪೋಷಕ ದ್ರವ ಕೆಂಪಗೆ ಇರುತ್ತದೆ, ಅದರಲ್ಲಿ ಆಮ್ಲೀಯತೆ ತೋರಿಸುವ ಬಣ್ಣ ಬೆರೆಸಿರುತ್ತಾರೆ. ಒಂದು ಸೋಮವಾರ ಇನ್‌ಕ್ಯುಬೇಟರಿನ ಬಾಗಿಲು ತೆರೆದಾಗ ಅವನ ತಟ್ಟೆಗಳೆಲ್ಲ ಹಳದಿಯಾಗಿ ಮಬ್ಬಾಗಿದ್ದವು. ಬ್ಯಾಕ್ಟೀರಿಯಾ ಸೇರಿ ಎಲ್ಲವನ್ನೂ ತಿಂದು ಮುಗಿಸಿದ್ದವು. ಹುಡುಗ ಮನೆಗೆ ಬಂದು ಊಟ ಬಿಟ್ಟು ಮಲಗಿದನಂತೆ. ಮರುದಿನ ಅವನ ಮಾರ್ಗದರ್ಶಕಿ, ಪಿಎಚ್‌ಡಿ ಮುಗಿಸಿದ ತರುಣಿ, ಅವನನ್ನು ಕೂರಿಸಿಕೊಂಡು ಎಲ್ಲಿ ಕೈ ತಪ್ಪಿರಬಹುದು ಎಂದು ಒಂದೊಂದೇ ಹೆಜ್ಜೆ ಹಿಂದಕ್ಕೆ ಕರೆದೊಯ್ದರು. ಹೊಸ ತಟ್ಟೆ ಕೊಟ್ಟರು. ಕೊನೆಗೆ ಅವನ ಪೋಸ್ಟರಿನಲ್ಲಿ, ಮೊದಲ ಪ್ರಯತ್ನ ಸೋಂಕಿನಿಂದ ಹಾಳಾಯಿತು ಎಂಬ ಸಾಲೂ ಇತ್ತು, ಔಷಧಿಗಳು ಒಟ್ಟಿಗೆ ಕೊಟ್ಟಾಗ ಹೆಚ್ಚು ಪರಿಣಾಮ ಮಾಡಿದಂತೆ ಕಾಣಲಿಲ್ಲ ಎಂಬ ಸಾಲೂ ಇತ್ತು. ಅವನ ತಾಯಿ ಅದನ್ನು ಓದಿ, "ಇದನ್ನೆಲ್ಲ ಯಾಕಪ್ಪ ಬರೆದೆ?" ಎಂದು ಮೆಲ್ಲಗೆ ಕನ್ನಡದಲ್ಲಿ ಕೇಳಿದರು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹಾಗೇ ಆಯಿತಲ್ಲ ಅಮ್ಮ" ಎಂದ.

ಈಗ ನನ್ನ ತಂಗಿಯ ಮಗನ ಕಥೆ. ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಬಯೋಟೆಕ್ನಾಲಜಿ ಓದಿದವನು. ಬುದ್ಧಿವಂತ, ಶ್ರದ್ಧೆ ಇರುವ ಹುಡುಗ. ಚಿಕ್ಕಂದಿನಿಂದ ನಮ್ಮ ತೋಟದ ಕೊಳೆರೋಗ ನೋಡಿ ನೋಡಿ ಅವನಿಗೆ ಜೀವವಿಜ್ಞಾನದ ಹುಚ್ಚು ಹಿಡಿದಿತ್ತು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವನೂ ಕ್ಯಾನ್ಸರ್ ವಿಷಯವನ್ನೇ ಆರಿಸಿಕೊಂಡ. ಬಾಯಿಯ ಕ್ಯಾನ್ಸರಿನ ಬಗ್ಗೆ ಏನಾದರೂ ಮಾಡಬೇಕು, ರಜೆಯಲ್ಲಿ ಊರಿಗೆ ಹೋಗಿ ಎಲೆ, ಅಡಿಕೆ, ಸುಣ್ಣದ ಕವಳ ಹಾಕುವವರ ಮಾಹಿತಿ ಸಂಗ್ರಹಿಸಿ ತರುತ್ತೇನೆ ಎಂದು ಗೈಡಿಗೆ ಹೇಳಿದನಂತೆ. ಅವರು, "ಅದೆಲ್ಲ ಯಾಕೆ ತಲೆಬಿಸಿ? ಯಾವುದಾದರೂ ಗಿಡದ ಎಲೆಯ ರಸ ತೆಗೆದು ಕ್ಯಾನ್ಸರ್ ಕೋಶದ ಮೇಲೆ ಹಾಕಿದ ಹಾಗೆ ಮಾಡು. ಹೋದ ವರ್ಷದ ರಿಪೋರ್ಟು ಲೈಬ್ರರಿಯಲ್ಲಿದೆ, ನೋಡಿಕೊಂಡು ಬರೆ" ಎಂದರಂತೆ.

"ಹಾಕಿದ ಹಾಗೆ ಮಾಡು." ಈ ಮಾತನ್ನು ಅವನು ಫೋನಿನಲ್ಲಿ ಹೇಳಿದಾಗ ನನಗೆ ಮೈ ಉರಿದುಹೋಯಿತು. ಕಾಲೇಜಿನಲ್ಲಿ ಕೋಶ ಬೆಳೆಸುವ ವ್ಯವಸ್ಥೆ ಇರಲಿಲ್ಲ. ಹೊರಗಿನ ಒಂದು ಖಾಸಗಿ ಲ್ಯಾಬು ದುಡ್ಡು ತೆಗೆದುಕೊಂಡು ಪರೀಕ್ಷೆ ಮಾಡಿಸಿಕೊಡುತ್ತಿತ್ತು. ಇವನು ಒಂದು ದಿನವೂ ಪಿಪೆಟ್ ಹಿಡಿಯಲಿಲ್ಲ. ಗ್ರಾಫು ಇಮೇಲಿನಲ್ಲಿ ಬಂತು, ಜೊತೆಗೆ ಪ್ರಮಾಣಪತ್ರವೂ ಬಂತು. ಕಪ್ಪು ರಟ್ಟಿಗೆ ಚಿನ್ನದ ಬಣ್ಣದ ಅಕ್ಷರ ಹೊಡೆಸಿ, ಮೊದಲ ಪುಟದಲ್ಲಿ ಪ್ರಾಂಶುಪಾಲರಿಂದ ಹಿಡಿದು ಎಲ್ಲರಿಗೂ ಕೃತಜ್ಞತೆ ಬರೆದು, ನಾಲ್ಕು ಪ್ರತಿ ಸಲ್ಲಿಸಿದ. ಆ ಎಲೆಯ ರಸ ಕ್ಯಾನ್ಸರ್ ಕೋಶವನ್ನು ಚೆನ್ನಾಗಿಯೇ ಕೊಂದಿತ್ತು. ಅವನ ತರಗತಿಯ ಉಳಿದ ತಂಡಗಳ ಎಲೆಗಳೂ ಕೊಂದಿದ್ದವು. ಕೊಲ್ಲದ ಎಲೆ ಒಂದೂ ಇರಲಿಲ್ಲ.

"ಬೇಜಾರು ಮಾಡಿಕೊಳ್ಳಬೇಡ ಮಾವ, ಎಲ್ಲರೂ ಹೀಗೇ ಮಾಡುವುದು. ವೈವಾದಲ್ಲಿ ರಿಸಲ್ಟ್ ಬಂದಿಲ್ಲ ಎಂದರೆ ಮಾರ್ಕ್ಸ್ ಕೊಡುವುದಿಲ್ಲ" ಎಂದ. ಇವತ್ತು ಅವನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ, ಚೆನ್ನಾಗಿದ್ದಾನೆ. ಜೀವವಿಜ್ಞಾನದ ಮಾತೆತ್ತಿದರೆ ವಿಷಯ ಬದಲಿಸುತ್ತಾನೆ.

ಆ ಹುಡುಗನಿಗೂ ಬಫಲೋದ ಹುಡುಗನಿಗೂ ಬುದ್ಧಿಯಲ್ಲಿ ಏನೇನೂ ವ್ಯತ್ಯಾಸವಿಲ್ಲ. ಒಬ್ಬನಿಗೆ, ನಿನ್ನ ತಟ್ಟೆ ಯಾಕೆ ಹಳದಿಯಾಯಿತು ಹೇಳು ಎಂದರು. ಇನ್ನೊಬ್ಬನಿಗೆ, ತಟ್ಟೆ ಇದೆ ಎಂದು ಬರೆ ಎಂದರು. ಇದಕ್ಕಿಂತ ಮುಂಚಿನ ಬೇಸಿಗೆಗಳಂತೂ ಹೇಳುವುದೇ ಬೇಡ. ನಮ್ಮಲ್ಲಿ ಹದಿನಾರು ಹದಿನೇಳು ವರ್ಷದ ಮಕ್ಕಳ ಏಪ್ರಿಲ್, ಮೇ ತಿಂಗಳು ಸಿಇಟಿ, ನೀಟ್‌ಗಳ ಪಾಲು. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕುವುದನ್ನು ಎರಡು ವರ್ಷ ಅಭ್ಯಾಸ ಮಾಡಿದ ಮಗುವಿಗೆ, ಉತ್ತರವೇ ಗೊತ್ತಿಲ್ಲದ ಪ್ರಶ್ನೆಯೂ ಜಗತ್ತಿನಲ್ಲಿ ಇದೆ ಎಂದು ಯಾರು ಹೇಳಬೇಕು? ಹೇಳಿದರೂ ಅದು ಸಿಲೆಬಸ್‌ನಲ್ಲಿ ಇಲ್ಲ ಎಂದು ಮನೆಯವರೇ ಗದರಿಸುತ್ತಾರೆ.

ಮಕ್ಕಳು ರಜೆಯಲ್ಲಿ ಮಾಡುವ ಕೆಲಸದಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಬಫಲೋದಿಂದ ಎರಡು ಗಂಟೆ ಕಾರು ಓಡಿಸಿದರೆ ಟೊರೊಂಟೊ. 1921ರ ಬೇಸಿಗೆಯಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಬ್ಯಾಂಟಿಂಗ್ ಎಂಬ ಯುವ ವೈದ್ಯರಿಗೆ ಸಹಾಯಕ್ಕೆಂದು ಇಬ್ಬರು ವಿದ್ಯಾರ್ಥಿಗಳಿದ್ದರು. ಮೊದಲು ಯಾರು ಹೋಗಬೇಕೆಂದು ನಾಣ್ಯ ಚಿಮ್ಮಿದಾಗ ಚಾರ್ಲ್ಸ್ ಬೆಸ್ಟ್ ಎಂಬ ಇಪ್ಪತ್ತೆರಡರ ಹುಡುಗನ ಪಾಲಿಗೆ ಬಂತು. ಆ ಬೇಸಿಗೆಯ ಕೆಲಸದಿಂದ ಇನ್ಸುಲಿನ್ ಬಂತು. ಕ್ಯಾನ್ಸರಿನದೇ ಉದಾಹರಣೆ ಬೇಕೆಂದರೆ ಫಿಲಡೆಲ್ಫಿಯಾಕ್ಕೆ ಬನ್ನಿ. 1960ರಲ್ಲಿ ರಕ್ತದ ಕ್ಯಾನ್ಸರ್ ರೋಗಿಗಳ ಕೋಶಗಳಲ್ಲಿ ಒಂದು ಕ್ರೋಮೋಸೋಮು ಇರಬೇಕಾದದ್ದಕ್ಕಿಂತ ಚಿಕ್ಕದಾಗಿದೆ ಎಂದು ಪೀಟರ್ ನೋವೆಲ್ ಜೊತೆ ಪ್ರಕಟಿಸಿದ ಡೇವಿಡ್ ಹಂಗರ್‌ಫೋರ್ಡ್ ಆಗಿನ್ನೂ ಸಂಶೋಧನಾ ವಿದ್ಯಾರ್ಥಿ. ಆ ಚಿಕ್ಕ ಕ್ರೋಮೋಸೋಮಿನ ಜಾಡು ಹಿಡಿದು ಹೋದದ್ದರಿಂದ 2001ರಲ್ಲಿ ಇಮ್ಯಾಟಿನಿಬ್ ಮಾತ್ರೆ ಬಂತು. ಅಲ್ಲಿಯವರೆಗೆ ಕೆಲವೇ ವರ್ಷ ಬದುಕುತ್ತಿದ್ದ ಸಿಎಂಎಲ್ ಎಂಬ ಆ ರಕ್ತದ ಕ್ಯಾನ್ಸರಿನ ರೋಗಿಗಳು ಇವತ್ತು ದಿನಕ್ಕೊಂದು ಮಾತ್ರೆ ನುಂಗಿ ಕಚೇರಿಗೆ ಹೋಗಿ ಬರುತ್ತಿದ್ದಾರೆ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಲು ಆ ವಿದ್ಯಾರ್ಥಿಗೆ ಅಡ್ಡಿ ಇರಲಿಲ್ಲ. ಹೋದ ವರ್ಷದ ರಿಪೋರ್ಟಿನಲ್ಲಿ ಎಲ್ಲ ಕ್ರೋಮೋಸೋಮುಗಳೂ ಸರಿಯಾದ ಅಳತೆಯವೇ ಇವೆ, ಹಾಗೇ ಬರೆ ಎಂದು ಯಾರೂ ಹೇಳಿರಲಿಲ್ಲ.

ಅಡಿಕೆಗೆ ಮರಳುತ್ತೇನೆ, ಯಾಕೆಂದರೆ ನನ್ನ ಸಿಟ್ಟಿನ ಬೇರು ಇರುವುದು ಅಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯಾನ್‌ನಲ್ಲಿದೆ. ತಂಬಾಕು ಸೇರಿಸಿದ ಕವಳದಿಂದ ಕ್ಯಾನ್ಸರ್ ಬರುತ್ತದೆ ಎಂದು ಅದು 1985ರಲ್ಲೇ ಹೇಳಿತ್ತು. ತಂಬಾಕಿಲ್ಲದ ಕವಳದ ಬಗ್ಗೆ ಆಗ ಸಾಕಷ್ಟು ಪುರಾವೆ ಇಲ್ಲ ಎಂದಿತು. ನಮ್ಮೂರಿನವರು ಇವತ್ತಿಗೂ ಹಿಡಿದು ನೇತಾಡುತ್ತಿರುವುದು ಆ ಹಳೆಯ ಮಾತನ್ನು. 2004ರಲ್ಲಿ ಪ್ರಕಟವಾದ ಮರುಪರಿಶೀಲನೆಯಲ್ಲಿ ತಂಬಾಕಿಲ್ಲದ ಕವಳವೂ ಕ್ಯಾನ್ಸರ್‌ಕಾರಕ, ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ಅದು ತೀರ್ಮಾನಿಸಿತು. ತೈವಾನಿನವರು ತಂಬಾಕು ಸೇರಿಸದೆ ಅಡಿಕೆ ಜಗಿಯುತ್ತಾರೆ, ಅಲ್ಲಿಂದ ಬಂದ ಪುರಾವೆ ಈ ತೀರ್ಮಾನಕ್ಕೆ ಮುಖ್ಯ ಆಧಾರವಾಯಿತು. ತೈವಾನ್ ತನ್ನ ಜನರ ಬಾಯನ್ನು ನೋಡಿ ಲೆಕ್ಕ ಬರೆದಿಟ್ಟಿತ್ತು. ಕರ್ನಾಟಕ ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ; ನಮ್ಮ ತಾಲೂಕುಗಳಲ್ಲಿ, ಶುದ್ಧ ಎಲೆ, ಅಡಿಕೆ, ಸುಣ್ಣದ ಕವಳ ಹಾಕುವವರ ಬಾಯನ್ನು ಊರೂರು ತಿರುಗಿ ನೋಡಿದವರು ಯಾರು ಎಂದು ಆ ಹುಡುಗಿ ಕೇಳಿದ್ದರೆ ಒಂದು ಹೆಸರೂ ನನ್ನ ಬಾಯಿಗೆ ಬರುತ್ತಿರಲಿಲ್ಲ.

ನಮ್ಮ ದೊಡ್ಡಮ್ಮನಿಗೆ ಮೊದಲು ಶುರುವಾದದ್ದು ಖಾರ ತಡೆಯದಿರುವುದು. ಅಪ್ಪೆಹುಳಿ ಕುಡಿದರೂ ಬಾಯಿ ಉರಿ ಎನ್ನುತ್ತಿದ್ದಳು. ಕೆನ್ನೆಯ ಒಳಗೆ ಬೆಳ್ಳಗೆ ಬಿಗಿದುಕೊಂಡಿತ್ತು. ಆಮೇಲಾಮೇಲೆ ದೋಸೆಯನ್ನು ಚಿಕ್ಕ ಚಿಕ್ಕ ಚೂರು ಮಾಡಿ ತುರುಕಿಕೊಳ್ಳತೊಡಗಿದಳು, ಬಾಯಿ ತೆರೆಯಲು ಆಗುತ್ತಿರಲಿಲ್ಲ. ಹಲ್ಲಿನ ತೊಂದರೆ, ವಾತ, ಉಷ್ಣ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ, ಹೆಚ್ಚಾಗಿ ಅಡಿಕೆ ಜಗಿಯುವವರಲ್ಲಿ ಬರುವ ಕಾಯಿಲೆ, ಅವರಲ್ಲಿ ಕೆಲವರಿಗೆ ಅದು ಕ್ಯಾನ್ಸರಿಗೆ ತಿರುಗುತ್ತದೆ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ತಮ್ಮದೇ ಮೂರು ಬೆರಳು ಒಟ್ಟಿಗೆ ಲಂಬವಾಗಿ ಬಾಯಿಯೊಳಗೆ ಹಿಡಿಯದಿದ್ದರೆ ವೈದ್ಯರಿಗೆ ತೋರಿಸಬೇಕು ಎಂಬುದಕ್ಕೆ ಯಂತ್ರ ಬೇಡ, ರಕ್ತಪರೀಕ್ಷೆ ಬೇಡ. ಇದನ್ನು ಪಿಯುಸಿ ಓದುವ ಮಗು ಒಂದು ದಿನದಲ್ಲಿ ಕಲಿಯುತ್ತದೆ. ಒಂದು ಬೇಸಿಗೆಯಲ್ಲಿ, ಆಶಾ ಕಾರ್ಯಕರ್ತೆಯ ಜೊತೆ ನಾಲ್ಕು ಊರು ತಿರುಗಿದರೆ, ಎಷ್ಟು ವರ್ಷದಿಂದ ಕವಳ, ಹೊಗೆಸೊಪ್ಪು ಹಾಕುತ್ತಾರೋ ಇಲ್ಲವೋ, ಬಾಯಿ ಎಷ್ಟು ತೆರೆಯುತ್ತದೆ, ಉರಿ ಇದೆಯೇ ಎಂದು ಅದು ಬರೆದುಕೊಂಡು ಬರಬಹುದು. ಅದರಲ್ಲಿ ಹತ್ತು ತಪ್ಪಿರಲಿ. ಆ ಹತ್ತು ತಪ್ಪುಗಳನ್ನು ಹಿಡಿದು ಕೂರಿಸಿಕೊಂಡು ಮಾತಾಡುವ ಒಬ್ಬ ಹಿರಿಯರಿದ್ದರೆ ಸಾಕು.

ಇಷ್ಟು ಬರೆದ ಮೇಲೆ, ನ್ಯಾಯವಾಗಿ ಒಪ್ಪಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ.

ವೈದ್ಯರಲ್ಲದವರ ಕೈಗೆ ಕ್ಯಾನ್ಸರ್ ಪತ್ತೆಯ ಕೆಲಸ ಕೊಟ್ಟು ಜಗತ್ತಿಗೆ ತೋರಿಸಿದ್ದು ಅಮೆರಿಕವಲ್ಲ, ಭಾರತ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳಲ್ಲಿ ಹತ್ತನೇ ತರಗತಿಯವರೆಗೆ ಓದಿದ ಹೆಂಗಸರನ್ನು ಆರಿಸಿ, ಕೆಲವು ವಾರ ತರಬೇತಿ ಕೊಟ್ಟು, ವಿನೆಗರ್ ಹಚ್ಚಿ ಗರ್ಭಕಂಠವನ್ನು ನೋಡುವುದನ್ನು ಕಲಿಸಿದರು. ಸುಮಾರು ಒಂದೂವರೆ ಲಕ್ಷ ಮಹಿಳೆಯರ ಆ ಅಧ್ಯಯನದಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ಶೇ 31ರಷ್ಟು ಕಡಿಮೆಯಾಯಿತು ಎಂಬುದು 2013ರಲ್ಲಿ ಪ್ರಕಟವಾದಾಗ ಇಲ್ಲಿಯವರು ಗಮನವಿಟ್ಟು ಕೇಳಿದರು. ಕೇರಳದ ತಿರುವನಂತಪುರದ ಸುತ್ತಮುತ್ತ, ಮೆಡಿಕಲ್ ಓದದ ಪದವೀಧರರು ಮನೆಮನೆಗೆ ಹೋಗಿ ಬರೀ ಕಣ್ಣಲ್ಲಿ ಬಾಯಿ ಪರೀಕ್ಷಿಸಿದ್ದರಿಂದ ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಪಾಲು ಇಳಿಯಿತೆಂದು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಕೇರಳ ನಮ್ಮ ಪಕ್ಕದ ಮನೆ.

ನಮ್ಮಲ್ಲಿ ವಿದ್ಯಾರ್ಥಿಗಳಿಗೆ ದಾರಿಯೇ ಇಲ್ಲ ಎನ್ನುವಂತೆಯೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳಿಗಾಗಿ ಎರಡು ತಿಂಗಳ ಸಂಶೋಧನಾ ವಿದ್ಯಾರ್ಥಿವೇತನವನ್ನು 1979ರಿಂದ ಕೊಡುತ್ತ ಬಂದಿದೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ಬೇಸಿಗೆ ಫೆಲೋಶಿಪ್ ನಡೆಸುತ್ತದೆ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕಾಲೇಜು ಮಕ್ಕಳನ್ನು ಬೇಸಿಗೆಯಲ್ಲಿ ದೇಶದ ಒಳ್ಳೆಯ ಲ್ಯಾಬುಗಳಿಗೆ ಕಳಿಸುತ್ತ ಬಂದಿವೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಕ್ಯಾನ್ಸರ್ ನೋಂದಣಿ ದೇಶದ ಮೊದಲ ಕೆಲವು ನೋಂದಣಿಗಳಲ್ಲಿ ಒಂದು, ಎಂಬತ್ತರ ದಶಕದ ಆರಂಭದಿಂದ ಊರಿನ ಪ್ರತಿ ಪ್ರಕರಣವನ್ನೂ ಬರೆದಿಡುತ್ತಿದೆ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಳಗ್ಗೆಯಿಂದ ನಿಂತೇ ರೋಗಿಗಳನ್ನು ನೋಡುವ ವೈದ್ಯರಿಗೆ, ಒಬ್ಬ ಹುಡುಗನ ತಟ್ಟೆ ಯಾಕೆ ಹಳದಿಯಾಯಿತು ಎಂದು ಕೇಳಲು ಪುರುಸೊತ್ತು ಎಲ್ಲಿಂದ ಬರಬೇಕು ಎಂಬುದೂ ಸತ್ಯವೇ.

ಇಲ್ಲಿಯದೂ ಎಲ್ಲ ಸರಿಯಿಲ್ಲ. ಆ ಸಭಾಂಗಣದಲ್ಲಿ ಕಂಡ ಮಕ್ಕಳಲ್ಲಿ ಬಹಳಷ್ಟು ಮಂದಿ ವೈದ್ಯರ, ಪ್ರಾಧ್ಯಾಪಕರ, ನಮ್ಮಂಥ ಸಾಫ್ಟ್‌ವೇರಿನವರ ಮಕ್ಕಳು. ದಿನಾ ಕಾರಿನಲ್ಲಿ ಕರೆದೊಯ್ದು ಬಿಡುವವರಿದ್ದರೆ ಬೇಸಿಗೆಯಿಡೀ ಲ್ಯಾಬಿನಲ್ಲಿ ಕಳೆಯಬಹುದು. ಅಂಗಡಿಯಲ್ಲಿ ದುಡಿದು ಮನೆಗೆ ಕೊಡಬೇಕಾದ ಮಗುವಿಗೆ ಅದು ಸುಲಭವಲ್ಲ. ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2025ರ ಬೇಸಿಗೆಯ ಇಂಟರ್ನ್‌ಶಿಪ್ಪನ್ನು ರದ್ದು ಮಾಡಿದಾಗ ನಮ್ಮ ಪರಿಚಯದ ಮನೆಗಳಲ್ಲೂ ಮಕ್ಕಳು ಕಂಗಾಲಾಗಿ ಕೂತಿದ್ದರು. ಇಷ್ಟು ಕಾಲ ಕಟ್ಟಿದ್ದನ್ನು ಒಂದು ಚಳಿಗಾಲದಲ್ಲಿ ಕೆಡವಬಹುದು ಎಂದು ಈ ದೇಶ ತೋರಿಸಿಕೊಟ್ಟಿತು.

ಇದನ್ನೆಲ್ಲ ಒಪ್ಪುತ್ತೇನೆ. ಒಪ್ಪಿದ ಮೇಲೂ, ಹಾಕಿದ ಹಾಗೆ ಮಾಡು ಎಂಬ ಮಾತನ್ನು ನಾನು ಕ್ಷಮಿಸಲಾರೆ.

ಅಣ್ಣನ ಮಗಳು ಈಗ ಬಿಡಿಎಸ್ ಓದುತ್ತಿದ್ದಾಳೆ. ನಾನು ಬಫಲೋದ ಹುಡುಗಿಯ ಪೋಸ್ಟರಿನ ಫೋಟೊ ಕಳಿಸಿದ ದಿನವೇ ರಾತ್ರಿ ಫೋನ್ ಮಾಡಿ, "ಚಿಕ್ಕಪ್ಪ, ಇದನ್ನು ನಮ್ಮ ಊರಿನಲ್ಲಿ ಮಾಡಿದರೆ ಹೇಗೆ?" ಎಂದಳು. ಸುಲಿಯಲು ಬರುವವರು, ಮರ ಹತ್ತಿ ಗೊನೆ ಇಳಿಸುವ ಕೊನೆಗೌಡರು, ತೋಟದ ಮಾಲೀಕರು ಎಲ್ಲರ ಬಾಯಿಯನ್ನೂ ಅಳೆಯುವ ಯೋಜನೆಯನ್ನು ಅವಳು ಬರೆದಿದ್ದಾಳೆ. ಅವಳ ಕಾಲೇಜಿನ ಒಬ್ಬ ಮೇಡಂ ಸಹಿ ಹಾಕಲು ಒಪ್ಪಿದ್ದಾರೆ. ಉತ್ತರ ಬರದಿದ್ದರೂ ಬರಲಿಲ್ಲ ಎಂದೇ ಬರೆಯಬೇಕು ಎಂದು ಆ ಮೇಡಂ ಮೊದಲ ದಿನವೇ ಹೇಳಿದರಂತೆ. ಅವರು ಯಾರೋ ನನಗೆ ಗೊತ್ತಿಲ್ಲ, ಅವರಿಗೆ ಇಲ್ಲಿಂದಲೇ ಕೈಮುಗಿಯುತ್ತೇನೆ. ಸಂಶೋಧನಾ ಮಂಡಳಿಗೆ ಅರ್ಜಿ ಹೋಗಬೇಕು, ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಬರಬೇಕು.

ತೊಡಕು ಬಂದದ್ದು ಊರಿನಿಂದ. ಬೆಳೆಗಾರರ ಸಂಘದ ಹಿರಿಯರೊಬ್ಬರು ಅಣ್ಣನ ಬಳಿ, "ದರ ಬೀಳಿಸುವ ಕೆಲಸವನ್ನು ನಮ್ಮ ಮನೆಯ 'ಕೂಸೇ' ಮಾಡಬೇಕಾ?" ಎಂದರಂತೆ. ಆ ಭಯ ನನಗೆ ಅರ್ಥವಾಗುತ್ತದೆ, ಯಾಕೆಂದರೆ ಅಣ್ಣನ ಮನೆ ಇವತ್ತಿಗೂ ನಡೆಯುವುದು ಅಡಿಕೆಯಿಂದ. ಆದರೆ ದರದ ಸಲುವಾಗಿ ನಮ್ಮವರ ಬಾಯಿಯನ್ನೇ ನೋಡದೆ ಇರೋಣ ಎಂದು ಅವರೂ ಹೇಳಲಾರರು. ಅಡಿಕೆ ನಿರುಪದ್ರವಿ ಎಂದು ಅವರು ನಿಜವಾಗಿ ನಂಬಿದ್ದರೆ, ಅಳತೆಯ ಖರ್ಚನ್ನು ಸಂಘವೇ ಕೊಡಲಿ, ಬಂದ ಫಲಿತಾಂಶ ಯಾವುದೇ ಇರಲಿ ಅದನ್ನು ಸರ್ವಸಾಧಾರಣ ಸಭೆಯಲ್ಲಿ ಕನ್ನಡದಲ್ಲಿ ಓದಿಸಲಿ ಎಂದು ಅವರಿಗೆ ಪತ್ರ ಬರೆದಿದ್ದೇನೆ. ಸಂಘದ ಉತ್ತರ ಇನ್ನೂ ಬಂದಿಲ್ಲ. ಅಷ್ಟರವರೆಗೆ ಅವಳ ಬಸ್ ಖರ್ಚು, ನಮೂನೆಗಳ ಜೆರಾಕ್ಸ್ ಖರ್ಚು ನನ್ನದು. ಮಂಡಳಿಯ ಒಪ್ಪಿಗೆ ಬಂದರೆ ಏಪ್ರಿಲ್ ಮೊದಲ ವಾರ ಅವಳು ಊರಿಗೆ ಹೋಗುತ್ತಾಳೆ, ಮೊದಲ ಹೆಸರು ತನ್ನದೇ ಬರೆದುಕೊಳ್ಳಲಿ ಎಂದು ಅಣ್ಣ ಹೇಳಿದ್ದಾನೆ.